ಸೇವೆಯ ಸಂತೋಷ: ತಪ್ಪು ಕಲ್ಪನೆ ಮತ್ತು ವಾಸ್ತವ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಕ್ರೈಸ್ತರ ಮನೆಗಳು ಹೆಚ್ಚಿಲ್ಲ. ಪಕ್ಕದ ಮನೆಯವರು, ಈರುಳ್ಳಿ ಹೊಲದಲ್ಲಿ ಜೊತೆಗೆ ದುಡಿಯುವವರು, ಬೀರೂರು ಜಂಕ್ಷನ್ನಿನಲ್ಲಿ ಒಟ್ಟಿಗೆ ರೈಲು ಕಾಯುವವರು ಬಹುಪಾಲು ಬೇರೆ ಧರ್ಮದವರೇ. ಹಾಗಾಗಿ ಇಲ್ಲಿ ಕ್ರೈಸ್ತರು ಮಾಡುವ ಸೇವೆ ನೆರೆಹೊರೆಯವರ ಸೇವೆಯೇ. ಅದರ ಬಗ್ಗೆ ಚರ್ಚಿನ ಒಳಗೂ ಹೊರಗೂ ಇರುವ ಕೆಲವು ತಪ್ಪು ತಿಳಿವಳಿಕೆಗಳು ಆ ಕೆಲಸದ ಸಂತೋಷವನ್ನೇ ಕಸಿಯುತ್ತಿವೆ.

ತಪ್ಪು ಕಲ್ಪನೆ: ಸೇವೆ ಫಾದರ್, ಸಿಸ್ಟರ್, ಪಾಸ್ಟರುಗಳ ಕೆಲಸ. ನಾವು ಕಾಣಿಕೆ ಹಾಕಿದರೆ ಸಾಕು.

ವಾಸ್ತವ: ಪವಿತ್ರ ಗುರುವಾರ ಕೆಥೋಲಿಕ ಚರ್ಚುಗಳಲ್ಲಿ ಗುರುಗಳು ಮಂಡಿಯೂರಿ ಜನರ ಪಾದ ತೊಳೆಯುತ್ತಾರೆ. ಯೇಸು ಶಿಷ್ಯರ ಪಾದ ತೊಳೆದದ್ದು ಅವರೂ ಒಬ್ಬರಿಗೊಬ್ಬರು ಹಾಗೆಯೇ ಮಾಡಲಿ ಎಂದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಶುರುವಾದಾಗ ಅದರ ಸ್ಥಾಪಕರಲ್ಲಿ ಪ್ರಮುಖನಾದ ಫ್ರೆಡ್ರಿಕ್ ಓಜನಾಮ್ 20 ವರ್ಷದ ವಿದ್ಯಾರ್ಥಿ, ಪಾದ್ರಿಯಲ್ಲ. ಆ ಸಭೆಯವರು ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗಿ ಬರುವುದು ರೂಢಿ. ಕೂಟದಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು. ದಾನಿಗಳ ಹೆಸರನ್ನು ಮೈಕಿನಲ್ಲಿ ಕೂಗುವ ಈ ಕಾಲದಲ್ಲಿ ಆ ಚೀಲದ ಮೇಲೆ ನನಗೆ ಬಹಳ ಗೌರವ.

ತಪ್ಪು ಕಲ್ಪನೆ: ದುಡ್ಡಿದ್ದವರಿಗೆ ಮಾತ್ರ ಇದು ಸಾಧ್ಯ.

ವಾಸ್ತವ: ತರೀಕೆರೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಟ ಅಜ್ಜಿಗೆ ಬಸ್ ಚಾರ್ಜಿಗಿಂತ ಜೊತೆಗೊಬ್ಬರು ಬೇಕು. ಚೀಟಿ ಮಾಡಿಸಲು, ಸಾಲಿನಲ್ಲಿ ನಿಲ್ಲಲು, ಡಾಕ್ಟರು ಹೇಳಿದ್ದನ್ನು ಮನೆಯವರಿಗೆ ತಿಳಿಸಲು.

ತಪ್ಪು ಕಲ್ಪನೆ: ಕ್ರೈಸ್ತರ ಸೇವೆಯ ಹಿಂದೆ ಮತಾಂತರದ ಲೆಕ್ಕ ಇದ್ದೇ ಇರುತ್ತದೆ.

ವಾಸ್ತವ: ಈ ಅನುಮಾನ ಜನರಲ್ಲಿದೆ, ಇಲ್ಲವೆಂದು ನಟಿಸಬಾರದು. ಯೇಸು ಹೇಳಿದ ಕಥೆಯಲ್ಲಿ ಬೇರೆ ಪಂಗಡದವನಾದ ಸಮಾರ್ಯದವನೊಬ್ಬ ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಬಟ್ಟೆ ಕಟ್ಟುತ್ತಾನೆ, ಛತ್ರಕ್ಕೆ ಕರೆದೊಯ್ಯುತ್ತಾನೆ, ಖರ್ಚಿಗೆ ಹಣ ಕೊಟ್ಟು ತನ್ನ ದಾರಿ ಹಿಡಿಯುತ್ತಾನೆ. ನಿನ್ನ ಕುಲ ಯಾವುದು, ನಂಬಿಕೆ ಯಾವುದು ಎಂದು ಕೇಳುವುದಿಲ್ಲ. ವಾಸಿಯಾದವನು ಮುಂದೆ ಸಮಾರ್ಯದವರನ್ನು ಸೇರಿದನೆಂಬ ಮಾತೂ ಕಥೆಯಲ್ಲಿ ಇಲ್ಲ. ಜರ್ಮನಿ ಮೂಲದ ಜೆಸ್ವಿಟ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ. ಇಂದು ಅಲ್ಲಿನ ಆಸ್ಪತ್ರೆಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಷರತ್ತು ಹಾಕಿ ಕೊಟ್ಟದ್ದು ವ್ಯಾಪಾರ. ಯಾರಾದರೂ ಹಾಗೆ ಮಾಡಿದರೆ ಅದು ತಪ್ಪೆಂದು ಮೊದಲು ಹೇಳಬೇಕಾದವರು ಕ್ರೈಸ್ತರೇ. ಪ್ರತಿಫಲಕ್ಕೆ ಕಣ್ಣಿಟ್ಟು ಕೂತವನಿಗೆ ಎದುರಿಗಿರುವ ಮನುಷ್ಯ ಕಾಣುವುದಿಲ್ಲ, ಕಾಣದಿದ್ದ ಮೇಲೆ ಸಂತೋಷ ಎಲ್ಲಿಂದ ಬರಬೇಕು?

ತಪ್ಪು ಕಲ್ಪನೆ: ಮನಸ್ಸಿಗೆ ಹಿತ ಅನಿಸದಿದ್ದರೆ ನನ್ನ ಸೇವೆ ಸುಳ್ಳು.

ವಾಸ್ತವ: ಒಳ್ಳೆಯವರನ್ನು ಹೆಚ್ಚು ನೋಯಿಸುವುದು ಇದೇ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ಅವರು ದಶಕಗಳ ಕಾಲ ಒಳಗೆ ಕತ್ತಲೆಯನ್ನೇ ಅನುಭವಿಸಿದ್ದು ಹೊರಬಿತ್ತು. ದೇವರು ಹತ್ತಿರವಿದ್ದಾನೆ ಎನಿಸದ ಆ ವರ್ಷಗಳಲ್ಲೂ ಅವರು ಕೋಲ್ಕತ್ತದ ರೋಗಿಗಳನ್ನು ಬಿಡಲಿಲ್ಲ. 2016ರಲ್ಲಿ ಚರ್ಚು ಅವರನ್ನು ಸಂತಳೆಂದು ಘೋಷಿಸಿತು. ಆ ಕತ್ತಲೆ ಅದಕ್ಕೆ ಅಡ್ಡಿಯಾಗಲಿಲ್ಲ.

ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಗಂಜಿ ಕುಡಿಸಿ, ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುವ ಸೊಸೆಗೆ ಬೆಳಿಗ್ಗೆ ಸಿಟ್ಟು ಬಂದರೆ ಅವಳ ಪ್ರೀತಿ ಸುಳ್ಳಾಗುವುದಿಲ್ಲ. ಅವಳು ದಣಿದಿದ್ದಾಳೆ, ಅಷ್ಟೆ. ಊಟಕ್ಕೂ ಪುರಸೊತ್ತಿಲ್ಲದೆ ದುಡಿದ ಶಿಷ್ಯರನ್ನು ಯೇಸುವೇ ವಿಶ್ರಾಂತಿಗೆಂದು ಏಕಾಂತಕ್ಕೆ ಕರೆದೊಯ್ದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ಸಂತೋಷ ಬಂತೇ ಎಂದು ತನ್ನನ್ನೇ ತಾನು ಪರೀಕ್ಷಿಸುತ್ತಾ ಕೂತಾಗ ಅದು ಬರುವುದಿಲ್ಲ. ಅತ್ತೆ ಇವತ್ತು ಎರಡು ತುತ್ತು ಹೆಚ್ಚು ಉಂಡರು ಎಂಬ ಸುದ್ದಿಯಲ್ಲಿ ಮನಸ್ಸು ಮುಳುಗಿದಾಗ, ಕರೆಯದೆಯೇ ಬಂದಿರುತ್ತದೆ.

ಇಂಥ ಮನೆಗೆ ಚರ್ಚಿನವರು ಹಣ್ಣು ತರುವುದಕ್ಕಿಂತ ಸರದಿ ಹಾಕಿಕೊಂಡು ಬಂದು ಕೂರಲಿ. ಭಾನುವಾರ ಎರಡು ಗಂಟೆ ಬಿಡುವು ಸಿಕ್ಕರೆ ಆ ಸೊಸೆ ಆರಾಧನೆಗೆ ಹೋಗಲಿ, ಇಲ್ಲವೇ ಬಾಗಿಲು ಹಾಕಿಕೊಂಡು ನಿದ್ದೆ ಮಾಡಲಿ. ಯಾವುದೆಂದು ಅವಳನ್ನು ಯಾರೂ ಕೇಳಬೇಕಾಗಿಲ್ಲ.