ಒಲ್ಲದ ಮನಸ್ಸಿನ ನ್ಯಾಯ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರಕ್ಕೆ ಅಡುಗೆಮನೆಯ ಸಮಸ್ಯೆಯೊಂದು ಎದುರಾಯಿತು. ಉತ್ತಮವಾದ ಮಾಂಸದಲ್ಲಿ ಬಹುಪಾಲು ಸೈನಿಕರಿಗಾಗಿ ಸಾಗಿಹೋಗುತ್ತಿದ್ದುದರಿಂದ, ಊರಿನಲ್ಲುಳಿದ ಸಂಸಾರಗಳು ಅದುವರೆಗೆ ತಾತ್ಸಾರದಿಂದ ಕಾಣುತ್ತಿದ್ದ ಹೃದಯ, ಮೂತ್ರಪಿಂಡ ಮೊದಲಾದ ಒಳಾಂಗಗಳ ಮಾಂಸವನ್ನು ರೂಢಿಮಾಡಿಕೊಳ್ಳಬೇಕೆಂಬುದು ಅದರ ಅಪೇಕ್ಷೆಯಾಗಿದ್ದಿತು. ಅದು ಅಗ್ಗವೂ ಹೌದು, ಪುಷ್ಟಿಕರವೂ ಹೌದು; ಆದರೂ ಒಲ್ಲದ ನಾಲಗೆಯನ್ನು ಒಲಿಸುವುದು ದೇಶಭಕ್ತಿಗೂ ಸುಲಭವಾಗಿರಲಿಲ್ಲ. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಕಾರ್ಯದರ್ಶಿಯಾಗಿದ್ದ ಆಹಾರಾಭ್ಯಾಸಗಳ ಸಮಿತಿಯ ಪರವಾಗಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವನು, ಹಿಟ್ಲರನ ಜರ್ಮನಿಯನ್ನು ೧೯೩೩ರಲ್ಲಿ ತೊರೆದುಬಂದು ಐಯೋವ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿದ್ದ ಯಹೂದಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್.

ಲೆವಿನ್ ಮಾಡಿದ ಪ್ರಯೋಗವು ನೋಡುವುದಕ್ಕೆ ಬಹಳ ಸರಳವಾದುದು. ರೆಡ್ ಕ್ರಾಸಿನ ಸ್ವಯಂಸೇವಕಿಯರಾದ ಗೃಹಿಣಿಯರನ್ನು ಆರು ಗುಂಪುಗಳಾಗಿ ತೆಗೆದುಕೊಂಡು, ಮೂರು ಗುಂಪುಗಳಿಗೆ ಯುದ್ಧಕಾಲದ ಕರ್ತವ್ಯ, ಜೀವಸತ್ವಗಳು, ಉಳಿತಾಯ, ಪಾಕವಿಧಾನ ಇವೆಲ್ಲವನ್ನೂ ಒಳಗೊಂಡ ಸೊಗಸಾದ ಉಪನ್ಯಾಸವನ್ನು ಏರ್ಪಡಿಸಲಾಯಿತು. ಉಳಿದ ಮೂರು ಗುಂಪುಗಳಲ್ಲಿ ಉಪನ್ಯಾಸವಿಲ್ಲ. ‘ನಿಮ್ಮಂಥ ಗೃಹಿಣಿಯರು ಇದನ್ನು ಅಡುಗೆಮನೆಗೆ ತರಲು ಏನು ಅಡ್ಡಿ?’ ಎಂಬ ಪ್ರಶ್ನೆಯನ್ನು ಮುಂದಿಟ್ಟು ಅವರನ್ನೇ ಮಾತನಾಡಗೊಡಲಾಯಿತು. ಬೇಯುವಾಗ ಬರುವ ವಾಸನೆ, ಯಜಮಾನರ ಮುಖಸಿಂಡರಿಕೆ, ಇವೆಲ್ಲ ಮಾತಿಗೆ ಬಂದುವು. ಮರ್ಯಾದೆಯಿಂದ ಅವನ್ನು ಆಲಿಸಿದ ಮೇಲಷ್ಟೇ ಪರಿಹಾರದ ಮಾತು. ಕೊನೆಯಲ್ಲಿ, ಬರುವ ವಾರದೊಳಗೆ ಒಮ್ಮೆ ಮಾಡಿನೋಡುವವರು ಕೈಯೆತ್ತಬೇಕೆಂದು ಕೇಳಲಾಯಿತು. ಆಮೇಲೆ ವಿಚಾರಿಸಿದಾಗ, ಹಿಂದೆಂದೂ ಬಡಿಸದಿದ್ದ ಇಂಥ ಮಾಂಸವನ್ನು ಮನೆಯಲ್ಲಿ ಬಡಿಸಿದವರು ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ ೩ ಮಂದಿ, ತಾವೇ ಮಾತನಾಡಿ ನಿಶ್ಚಯಿಸಿದವರಲ್ಲಿ ನೂರಕ್ಕೆ ೩೨ ಮಂದಿ.

ಪ್ರಯೋಗದಲ್ಲಿ ದೋಷಗಳಿಲ್ಲದೆ ಇರಲಿಲ್ಲ. ಚರ್ಚೆಯ ಗುಂಪಿನವರಿಗೆ ಮುಂದೆ ವಿಚಾರಣೆ ಉಂಟೆಂದು ತಿಳಿಸಲಾಗಿತ್ತು, ಉಪನ್ಯಾಸದವರಿಗೆ ತಿಳಿಸಿರಲಿಲ್ಲ. ೧೯೫೫ರಲ್ಲಿ ಈಡಿತ್ ಬೆನೆಟ್ ಎಂಬಾಕೆ ಈ ಎಳೆಗಳನ್ನೆಲ್ಲ ಬಿಡಿಸಿ ಪರೀಕ್ಷಿಸಿದಾಗ, ಫಲ ಕೊಟ್ಟದ್ದು ಬರಿಯ ಚರ್ಚೆಯೂ ಅಲ್ಲ, ಬಹಿರಂಗವಾಗಿ ಕೈಯೆತ್ತಿದ್ದೂ ಅಲ್ಲ; ಮನುಷ್ಯನು ತಾನಾಗಿ ಒಂದು ನಿಶ್ಚಯಕ್ಕೆ ಬರುವುದು ಮತ್ತು ತನ್ನವರಲ್ಲಿ ಬಹುಮಂದಿ ಹಾಗೆಯೇ ನಿಶ್ಚಯಿಸಿದ್ದಾರೆಂಬ ಭಾವನೆ, ಈ ಎರಡೇ ಎಂದು ಕಂಡುಬಂದಿತು. ಆದರೆ ಈ ತಿದ್ದುಪಡಿಯಿಂದ ಉಪನ್ಯಾಸಕಾರನ ಮಾನವೇನೂ ಉಳಿಯುವುದಿಲ್ಲವೆಂಬುದು, ಉಪನ್ಯಾಸಪ್ರಿಯರಾದ ನಾವು ಗಮನಿಸತಕ್ಕ ಸಂಗತಿ.

ಲೆವಿನ್ನನ ದೃಷ್ಟಿಯಲ್ಲಿ ನಮ್ಮ ಇಂದಿನ ನಡವಳಿಕೆಯೆಂಬುದು ಮುಂದಕ್ಕೆ ನೂಕುವ ಶಕ್ತಿಗಳಿಗೂ ಹಿಂದಕ್ಕೆ ಹಿಡಿದಿಡುವ ಶಕ್ತಿಗಳಿಗೂ ನಡುವೆ ಏರ್ಪಟ್ಟ ಒಂದು ಸಮತೋಲ. ಅದನ್ನು ಕದಲಿಸಲು ಎರಡು ದಾರಿಗಳುಂಟು: ನೂಕುವ ಬಲವನ್ನು ಹೆಚ್ಚಿಸುವುದೊಂದು, ತಡೆಯುವ ಬಲವನ್ನು ತಗ್ಗಿಸುವುದಿನ್ನೊಂದು. ಮೊದಲನೆಯದರಿಂದಲೂ ಬದಲಾವಣೆ ಆಗಬಹುದು, ಆದರೆ ಅದರ ಸಂಗಡ ಉದ್ವೇಗವೂ ಏರುತ್ತದೆ; ಎರಡನೆಯದರಲ್ಲಿ ಅದು ಇಳಿಯುತ್ತದೆ. ಒಳಗಿನಿಂದ ಅಗುಳಿ ಹಾಕಿದ ಬಾಗಿಲನ್ನು ಹೊರಗಿನಿಂದ ದೂಡುತ್ತ ಹೋದರೆ ಚೌಕಟ್ಟು ಅಲುಗೀತೇ ಹೊರತು ಬಾಗಿಲು ತೆರೆಯದು. ಹೀಗಿದ್ದೂ ನಮ್ಮನ್ನು ನಾವು ತಿದ್ದಿಕೊಳ್ಳಹೊರಟಾಗ ದೂಡುವುದೊಂದನ್ನೇ ಬಲ್ಲೆವು: ಶಪಥ, ಆತ್ಮನಿಂದೆ, ಮತ್ತೆ ಇನ್ನೂ ದೊಡ್ಡ ಶಪಥ.

ಅಗುಳಿ ಹಾಕಿದವರಾರು, ಏತಕ್ಕಾಗಿ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು. ಸಕ್ಕರೆ ಕಾಯಿಲೆಯ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಿ. ಸಿಹಿ ವರ್ಜ್ಯವೆಂದು ವೈದ್ಯರು ಹೇಳಿದ್ದಾರೆ, ಇವರೂ ಒಪ್ಪಿದ್ದಾರೆ, ಮನೆಯಲ್ಲಿ ಕಾಫಿಗೂ ಸಕ್ಕರೆಯಿಲ್ಲ. ಆದರೆ ಬೀಗರ ಮನೆಯ ಪಂಕ್ತಿಯಲ್ಲಿ ‘ಒಂದೇ ಒಂದು ಹೋಳಿಗೆ ಮಾವಯ್ಯ, ನನ್ನ ಕೈಯಾರೆ ತಟ್ಟಿದ್ದು’ ಎಂದು ಸೊಸೆಯ ತಂಗಿ ಬಡಿಸಲು ಬಂದಾಗ ಎಲೆಯ ಮೇಲೆ ಅಡ್ಡ ಹಿಡಿದ ಕೈ ತಾನಾಗಿ ಹಿಂದೆ ಸರಿಯುತ್ತದೆ. ಜಿಹ್ವಾಚಾಪಲ್ಯವೆಂದು ನಾವು ನಕ್ಕು ಸುಮ್ಮನಾಗಬಹುದು. ಆದರೆ ಅವರು ಅಲ್ಲಿ ಕಾಪಾಡುತ್ತಿರುವುದು ನಾಲಗೆಯ ಸುಖಕ್ಕಿಂತ ಹೆಚ್ಚಿನದೊಂದನ್ನು: ಕೊಟ್ಟದ್ದನ್ನು ಸಂತೋಷದಿಂದ ಉಂಡು ಮನೆಯವರ ಮನಸ್ಸನ್ನು ತಣಿಸುವ ಅತಿಥಿ ತಾನೆಂಬ, ಬಾಲ್ಯದಿಂದ ಬಂದ ಸ್ವಾಭಿಮಾನವನ್ನು. ಬಡಿಸಿದ್ದನ್ನು ನಿರಾಕರಿಸಿದರೆ ಪ್ರೀತಿಯನ್ನೇ ನಿರಾಕರಿಸಿದಂತೆ ಎಂಬ ನಂಬಿಕೆಯು ಅವರೊಳಗೆ ಒಂದು ಸಲವೂ ಪ್ರಶ್ನೆಗೊಳಗಾಗದೆ ಕುಳಿತಿದೆ.

ಹಾರ್ವರ್ಡಿನ ರಾಬರ್ಟ್ ಕೀಗನ್ ಮತ್ತು ಲೀಸಾ ಲೇಹಿ ೨೦೦೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದು ಇಂಥ ಗುಪ್ತ ನಿಷ್ಠೆಗಳನ್ನೇ. ಬದಲಾಗಬೇಕೆಂಬ ಸಂಕಲ್ಪವೂ ಪ್ರಾಮಾಣಿಕ, ಅದಕ್ಕೆ ಎದುರಾದ ಗುಪ್ತ ನಿಷ್ಠೆಯೂ ಪ್ರಾಮಾಣಿಕ. ಎರಡರಲ್ಲೊಂದನ್ನು ಬಡಿದುಹಾಕುವುದಲ್ಲ, ಆ ನಿಷ್ಠೆಯ ಬುಡದಲ್ಲಿರುವ ನಂಬಿಕೆಯನ್ನು ಹೊರಗೆಳೆದು ಚಿಕ್ಕದಾಗಿ, ಅಪಾಯವಿಲ್ಲದ ಕಡೆ ಪರೀಕ್ಷಿಸುವುದು ಅವರು ತೋರಿಸುವ ಮಾರ್ಗ. ನಮ್ಮ ಗೃಹಸ್ಥರು ಮೊದಲು ಸಲುಗೆಯ ಒಂದು ಮನೆಯಲ್ಲಿ ಹೋಳಿಗೆಯನ್ನು ಬೇಡವೆಂದು, ಪಲ್ಯವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡು, ಆ ಮನೆಯ ಅಕ್ಕರೆ ಕಡಮೆಯಾಯಿತೇ ಎಂದು ನೋಡಬಹುದು.

ಇನ್ನೊಬ್ಬರನ್ನು ತಿದ್ದಲು ಹೊರಟವರಿಗೂ ಇಲ್ಲಿ ಪಾಠವುಂಟು. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ನಾರ್ವೆಯ ಬೆರ್ಗನ್ ಬಳಿಯ ಚಿಕಿತ್ಸಾಲಯವೊಂದರಲ್ಲಿ ತರುಣ ಚಿಕಿತ್ಸಕರೊಡನೆ ನಡೆಸಿದ ಸಂವಾದದಿಂದ ಮೂಡಿದ ಪದ್ಧತಿಯೊಂದನ್ನು ೧೯೮೩ರ ಲೇಖನದಲ್ಲಿ ವಿವರಿಸಿದನು. ಕುಡಿತಕ್ಕೆ ಸಿಲುಕಿದವನಲ್ಲಿ ಬಿಡಬೇಕೆಂಬ ಮನಸ್ಸೂ ಬಿಡಲಾರೆನೆಂಬ ಮನಸ್ಸೂ ಒಟ್ಟಿಗೇ ಇರುತ್ತವೆ. ಚಿಕಿತ್ಸಕನು ಮೊದಲನೆಯದರ ವಕಾಲತ್ತನ್ನು ತಾನೇ ವಹಿಸಿಕೊಂಡನೆಂದರೆ, ರೋಗಿಯ ಪಾಲಿಗೆ ಉಳಿಯುವುದು ಎರಡನೆಯದರ ವಕಾಲತ್ತು. ವಾದಿಸಿದಷ್ಟೂ ಅವನು ತನ್ನ ಮಾತನ್ನು ತಾನೇ ಕೇಳಿ ಇನ್ನಷ್ಟು ಗಟ್ಟಿಯಾಗುತ್ತಾನೆ. ‘ಎಷ್ಟು ಸಲ ಹೇಳಿದ್ದೀನಿ ನಿನಗೆ’ ಎಂದು ಆರಂಭವಾಗುವ ನಮ್ಮ ಮನೆಮಾತುಗಳ ಗತಿಯನ್ನು ಬಲ್ಲವರಿಗೆ ಇದಕ್ಕೆ ಬೇರೆ ಪ್ರಮಾಣ ಬೇಡ. ಮಿಲ್ಲರನು ಬಿಡುವ ಕಾರಣಗಳನ್ನು ರೋಗಿಯ ಬಾಯಿಂದಲೇ ಹೇಳಿಸಿದನು.

ಇದೆಲ್ಲ ಪಾಶ್ಚಾತ್ಯರಿಗೆ ಮಾತ್ರ ಹೊಳೆದದ್ದೆಂದು ಹೇಳಬೇಕಾದ ಪ್ರಮೇಯವಿಲ್ಲ. ಪತಂಜಲಿಯು ಯೋಗಸೂತ್ರಗಳ ಮೊದಲನೆಯ ಪಾದದಲ್ಲಿ ಸಾಧಕನಿಗೊದಗುವ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ಆಲಸ್ಯಕ್ಕೆ ಕೊಟ್ಟಿರುವುದು ಐದನೆಯ ಸ್ಥಾನ, ಮೊದಲನೆಯದು ವ್ಯಾಧಿ. ನಾವಾದರೋ ನಿದ್ದೆಗೆಟ್ಟ, ರಕ್ತಹೀನತೆಯಿಂದ ಬಳಲುವ ದೇಹವೊಂದು ಬೆಳಗಿನ ನಡಿಗೆಗೆ ಏಳಲಾರದಿದ್ದರೆ ಅದಕ್ಕೂ ಸೋಮಾರಿತನದ ಹಣೆಪಟ್ಟಿ ಕಟ್ಟಿ ಕೈತೊಳೆದುಕೊಳ್ಳುತ್ತೇವೆ. ಕೊನೆಯವೆರಡು ಅಂತರಾಯಗಳು ಇನ್ನೂ ಸೂಕ್ಷ್ಮವಾದುವು: ಸಾಧನೆಯ ನೆಲೆಯು ಸಿಕ್ಕದಿರುವುದು, ಸಿಕ್ಕಿದ ಮೇಲೂ ಅಲ್ಲಿ ನಿಲ್ಲಲಾರದಿರುವುದು. ಜಾರುವುದನ್ನು ಆತ ಸಾಧಕನ ಅಯೋಗ್ಯತೆಯೆಂದೆಣಿಸದೆ, ಹಾದಿಯಲ್ಲಿ ಎದುರಾಗತಕ್ಕ ವಿಘ್ನವೆಂದೇ ಎಣಿಸಿದ್ದಾನೆ.

ಧೂಮಪಾನವನ್ನು ತಾವಾಗಿಯೇ ಬಿಡಲೆತ್ನಿಸುತ್ತಿದ್ದವರನ್ನು ಕುರಿತು ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಎಂಬ ಸಂಶೋಧಕರು ೧೯೮೩ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ಜಾರುವಿಕೆಯನ್ನು ಬದಲಾವಣೆಯ ಆವರ್ತನದೊಳಗಿನ ಒಂದು ಘಟ್ಟವನ್ನಾಗಿಯೇ ಇರಿಸಿತು. ಮೂರು ತಿಂಗಳು ಬಿಟ್ಟಿದ್ದು ಮತ್ತೆ ಬೀಡಿ ಹಚ್ಚಿದವನು ಹೊರಟಲ್ಲಿಗೇ ಮರಳಿದನೆಂದು ಮನೆಯವರು ನಿಟ್ಟುಸಿರಿಡುತ್ತಾರೆ. ಆದರೆ ಯಾವ ಗೆಳೆಯನ ಜಗಲಿಯಲ್ಲಿ, ಊಟವಾದ ಮೇಲೆ ಎಷ್ಟು ಹೊತ್ತಿಗೆ, ಯಾವ ಮಾತು ಬಂದಾಗ ಕೈ ಜೇಬಿಗೆ ಹೋಯಿತೆಂಬುದು ಮೂರು ತಿಂಗಳ ಹಿಂದೆ ಅವನಿಗೆ ತಿಳಿದಿರಲಿಲ್ಲ. ಈಗ ಕೇಳಿದರೆ ಹೇಳಬಲ್ಲನು.