ಕೊನೆಯ 14 ಮಿಲಿಮೀಟರ್

ಕಿವಿಗೆ ಕೇಳುವ ಅತಿ ಸಣ್ಣ ಸದ್ದಿಗೂ ನೋವು ಬರಿಸುವಷ್ಟು ದೊಡ್ಡ ಸದ್ದಿಗೂ ಶಕ್ತಿಯ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ಪಟ್ಟು ಅಂತರವಿದೆ. ಆ ಅತಿ ಸಣ್ಣ ಸದ್ದಿಗೆ ಕಿವಿತಮಟೆ ಅಲುಗುವುದು ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಇಷ್ಟನ್ನೂ ಹಿಡಿದು ಮಿದುಳಿಗೆ ತಲುಪಿಸುವ, ಒಳಗಿವಿಯ ಕಾಕ್ಲಿಯಾ ಒಂದು ಬಟಾಣಿ ಕಾಳಿನಷ್ಟಿದೆ. ಅದರ ಎರಡೂವರೆ ಸುತ್ತಿನ ಸುರುಳಿಯನ್ನು ಬಿಚ್ಚಿ ನೇರ ಮಾಡಿದರೆ ಉದ್ದ ಸುಮಾರು 35 ಮಿಲಿಮೀಟರ್.

ಸೆಕೆಂಡಿಗೆ 20 ಕಂಪನದಿಂದ 20,000 ಕಂಪನದವರೆಗಿನ ಎಲ್ಲ ಸದ್ದಿಗೂ ಆ ಉದ್ದದಲ್ಲೇ ಜಾಗ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಏರಿದರೆ ಕಂಪನ ಇಮ್ಮಡಿಯಾಗುತ್ತದೆ. ಹೀಗೆ ಇಮ್ಮಡಿಸುತ್ತ 20ರಿಂದ 20,000 ಮುಟ್ಟಲು ಹತ್ತು ಸ್ಥಾಯಿ ಬೇಕು. ಮೂರು ಸ್ಥಾಯಿಯಲ್ಲಿ ನಿರಾಯಾಸವಾಗಿ ಹಾಡುವವರನ್ನು ಕಂಡು ನಾವು ಬೆರಗಾಗುತ್ತೇವೆ. ಕಾಕ್ಲಿಯಾದಲ್ಲಿ ಹತ್ತೂ ಇವೆ, ಒಂದೊಂದಕ್ಕೆ ಸರಾಸರಿ ಮೂರೂವರೆ ಮಿಲಿಮೀಟರ್. ತಾರದ ಸದ್ದಿಗೆ ಸುರುಳಿಯ ಬುಡ, ಮಂದ್ರದ ಸದ್ದಿಗೆ ತುದಿ. 1,000 ಕಂಪನಕ್ಕಿಂತ ಕೆಳಗಿನದೆಲ್ಲ ತುದಿಯ 14 ಮಿಲಿಮೀಟರ್‌ನಲ್ಲಿ ಅಡಗಿದೆ.

ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 10 ಕೋಟಿ. ಕಿವಿಗೆ ಸಿಕ್ಕಿರುವುದು ಹದಿನೈದು ಸಾವಿರ ಚಿಲ್ಲರೆ ರೋಮಕೋಶ: ಸದ್ದನ್ನು ಹಿಗ್ಗಿಸಿಕೊಡುವ ಹೊರಸಾಲಿನವು ಸುಮಾರು 12,000, ನರಕ್ಕೆ ಸುದ್ದಿ ಮುಟ್ಟಿಸುವ ಒಳಸಾಲಿನವು ಸುಮಾರು 3,500. ನಾವು ಹುಟ್ಟುವ ಮೊದಲೇ ಇವು ತಯಾರಾಗಿರುತ್ತವೆ. ಕೋಳಿಗೆ ಹಾಳಾದ ರೋಮಕೋಶ ಮರಳಿ ಬೆಳೆಯುತ್ತದೆ, ಮನುಷ್ಯನಿಗೆ ಬೆಳೆಯುವುದಿಲ್ಲ.

ಇವು ಸಾಯುವುದು ಹೆಚ್ಚಾಗಿ ಬುಡದ ಕಡೆಯಿಂದ. ಹಾಗಾಗಿ ಕಿವಿ ಮಂದವಾದ ಅನೇಕರಲ್ಲಿ ತುದಿಯ ಭಾಗ ಇನ್ನೂ ಜೀವಂತವಾಗಿರುತ್ತದೆ. ಅವರಿಗೆ ಗುಡುಗು ಕೇಳುತ್ತದೆ, ತಂಬೂರಿಯ ಮಂದ್ರ ಕೇಳುತ್ತದೆ. ಅಡುಗೆಮನೆಯಿಂದ ಯಾರಾದರೂ "ಸಾಸಿವೆ ಎಲ್ಲಿ?" ಎಂದರೆ ದನಿ ಯಾರದು, ಸಿಟ್ಟಿನಲ್ಲಿದ್ದಾರೋ ನಗುತ್ತಿದ್ದಾರೋ ಎಂಬುದು ತಿಳಿಯುತ್ತದೆ. ಆದರೆ 4,000 ಕಂಪನದ ಆಚೆ ಹರಡಿಕೊಂಡಿರುವ ಸಕಾರ ಕಿವಿಗೆ ಬೀಳದೆ, ಸಾಸಿವೆ 'ಆಇವೆ' ಆಗಿಬಿಡುತ್ತದೆ.

ಕಳೆದುಹೋದ ಆ ಮೇಲಿನ ಸದ್ದನ್ನು ಕಾಕ್ಲಿಯರ್ ಇಂಪ್ಲಾಂಟ್ ವಿದ್ಯುತ್ತಿನ ಮೂಲಕ ನರಕ್ಕೆ ಕೊಡುತ್ತದೆ. 3,500 ಕೋಶಗಳ ಕೆಲಸ ಮಾಡುವುದು 12ರಿಂದ 22 ಎಲೆಕ್ಟ್ರೋಡ್! ಅಷ್ಟರಿಂದಲೇ ಏನೂ ಕೇಳದಿದ್ದವರು ಫೋನಿನಲ್ಲಿ ಮಾತಾಡುವಂತಾಗಿದ್ದಾರೆ. 2019ರ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ಇಂಥ ಸುಮಾರು 7,36,900 ಸಾಧನಗಳನ್ನು ಅಳವಡಿಸಲಾಗಿತ್ತು. ಆದರೆ ಶ್ರುತಿಯ ಸೂಕ್ಷ್ಮವನ್ನು, ಗದ್ದಲದ ನಡುವೆ ಒಬ್ಬರ ದನಿಯನ್ನು ಹಿಡಿಯುವುದರಲ್ಲಿ ಉಳಿದ ಸಹಜ ಶ್ರವಣದ ಸಹಾಯ ದೊಡ್ಡದು. ಅದಕ್ಕೇ 1999ರಲ್ಲಿ ಫ್ರಾಂಕ್‌ಫರ್ಟ್‌ನ ಕ್ರಿಸ್ಟೋಫ್ ಫಾನ್ ಇಲ್ಬರ್ಗ್ ಮತ್ತು ಜೊತೆಗಾರರು, ಒಂದೇ ಕಿವಿಯಲ್ಲಿ ಮೇಲಿನ ಸದ್ದಿಗೆ ವಿದ್ಯುತ್ತು, ಕೆಳಗಿನ ಸದ್ದಿಗೆ ಉಳಿದ ಶ್ರವಣ ಎಂಬ ದಾರಿ ತೋರಿಸಿದರು.

ಈ ದಾರಿಯಲ್ಲಿ ಎದೆ ಝಲ್ಲೆನಿಸುವ ಲೆಕ್ಕ ಸಿಕ್ಕಿದ್ದು ಅಮೆರಿಕದಲ್ಲಿ. 2014ರ ಮಾರ್ಚ್‌ನಲ್ಲಿ ಅಲ್ಲಿನ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೈಬ್ರಿಡ್ ಎಲ್24 ಎಂಬ ಇಂಪ್ಲಾಂಟ್‌ಗೆ ಒಪ್ಪಿಗೆ ಕೊಟ್ಟಿತು. ಉಳಿದ ಶ್ರವಣ ಕೆಡಬಾರದೆಂದೇ ಅದರ ಎಲೆಕ್ಟ್ರೋಡ್ ತಂತಿಯನ್ನು 16 ಮಿಲಿಮೀಟರ್‌ಗೆ ಇಳಿಸಿದ್ದರು. 1,000 ಕಂಪನದ ಜಾಗ ಬರುವುದು ಬುಡದಿಂದ ಸುಮಾರು 21 ಮಿಲಿಮೀಟರ್ ಒಳಗೆ. ತಂತಿ ಅದಕ್ಕಿಂತ 5 ಮಿಲಿಮೀಟರ್ ಹಿಂದೆಯೇ ನಿಲ್ಲುತ್ತದೆ. ಪ್ರಯೋಗಕ್ಕೆ ಒಳಗಾದ 50 ಮಂದಿಯಲ್ಲಿ ಹೆಚ್ಚಿನವರಿಗೆ ಮಾತು ಮೊದಲಿಗಿಂತ ಚೆನ್ನಾಗಿ ತಿಳಿಯತೊಡಗಿತು. ಆದರೂ 22 ಮಂದಿ ಆ ಕಿವಿಯಲ್ಲಿ ಉಳಿದಿದ್ದ ಕೆಳಗಿನ ಸದ್ದನ್ನು ಬಹುತೇಕ ಕಳೆದುಕೊಂಡರು. ಅವರಲ್ಲಿ 6 ಮಂದಿ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಿ ಮಾಮೂಲಿ ಉದ್ದದ ಇಂಪ್ಲಾಂಟ್ ಹಾಕಿಸಿಕೊಂಡರು.

ತಂತಿ ಮುಟ್ಟದ ಜಾಗವೂ ಕೆಡುವುದೇಕೆ? ಇಡೀ ಕಾಕ್ಲಿಯಾದಲ್ಲಿರುವ ದ್ರವ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ತಂತಿ ಸರಸರ ನುಗ್ಗಿದರೆ ಅದರ ಒತ್ತಡ ತುದಿಯವರೆಗೂ ಹೋಗುತ್ತದೆ. ತಂತಿಯ ಮೂತಿ ತೆಳುಪೊರೆಗೆ ತಗುಲಿದರೆ ಪೊರೆ ಹರಿಯಬಹುದು. ಏನೂ ಹರಿಯದಿದ್ದರೂ ಉರಿಯೂತವೆದ್ದು ಸುತ್ತ ಕಲೆಗಟ್ಟಿದ ಅಂಗಾಂಶ ಬೆಳೆಯುತ್ತದೆ. ಹೀಗೆ ಆಪರೇಷನ್ ಆದ ಕೂಡಲೇ ಉಳಿದಿದ್ದ ಶ್ರವಣ ಕೆಲವು ತಿಂಗಳ ಬಳಿಕ ಹೋಗುವುದೂ ಉಂಟು.

ಅದಕ್ಕೆ ಉತ್ತರವೂ ಸಣ್ಣ ಅಳತೆಗಳಲ್ಲೇ ಇದೆ. ಮೆತ್ತನೆಯ ತಂತಿ, ಉರಿಯೂತ ತಗ್ಗಿಸಲು ಸ್ಟೀರಾಯ್ಡ್, ತಂತಿ ಒಳಗೆ ಹೋಗುತ್ತಿರುವಾಗಲೇ ರೋಮಕೋಶಗಳ ವಿದ್ಯುತ್ ಸ್ಪಂದನ ಅಳೆದು, ಅದು ಕುಸಿದರೆ ಕೈ ನಿಲ್ಲಿಸುವುದು. ಸೆಕೆಂಡಿಗೆ 0.1 ಮಿಲಿಮೀಟರ್‌ನಂತೆ ತಂತಿ ತೂರಿಸುವ ರೋಬೋಟ್‌ಗಳೂ ಬಂದಿವೆ. ಆ ವೇಗದಲ್ಲಿ 25 ಮಿಲಿಮೀಟರ್ ಸಾಗಲು 250 ಸೆಕೆಂಡ್, ಅಂದರೆ ನಾಲ್ಕು ನಿಮಿಷಕ್ಕೂ ಹೆಚ್ಚು. ಅಷ್ಟು ನಿಧಾನವಾಗಿ ನಡುಗದೆ ಸಾಗುವುದು ಎಂಥ ನುರಿತ ಕೈಗೂ ಕಷ್ಟ.

ಇಷ್ಟು ಜತನ ಬೇಕೇ ಎನ್ನುವವರು 2024ರ ಆರಂಭದಲ್ಲಿ ಪ್ರಕಟವಾದ ಶಾಂಘೈನ ಫಲಿತಾಂಶ ನೋಡಬೇಕು. ಒಂದು ಜೀನ್ ಕೆಟ್ಟು ಹುಟ್ಟುಕಿವುಡರಾಗಿದ್ದ 6 ಮಕ್ಕಳ ಕಾಕ್ಲಿಯಾಕ್ಕೆ ಸರಿಯಾದ ಜೀನ್ ಸೇರಿಸಿದಾಗ 5 ಮಕ್ಕಳಿಗೆ ಕೇಳತೊಡಗಿತು. ಅವರ ರೋಮಕೋಶಗಳು ಕೆಲಸ ಮಾಡದಿದ್ದರೂ ಒಳಗೆ ಹಾಗೇ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಇಂದು ಇಂಪ್ಲಾಂಟ್ ಹಾಕಿಸಿಕೊಳ್ಳುವ ವರ್ಷದ ಮಗುವಿನ ಮುಂದೆ ಎಪ್ಪತ್ತು ವರ್ಷಗಳ ಬದುಕಿದೆ. ಅಷ್ಟರಲ್ಲಿ ಬೇರೆ ಯಾವ ಚಿಕಿತ್ಸೆ ಬರುತ್ತದೋ ಬಲ್ಲವರಿಲ್ಲ. ಬೇಕಾದವರು ಇಂಪ್ಲಾಂಟ್ ಹಾಕಿಸಿಕೊಳ್ಳಲೇಬೇಕು, ತಡಮಾಡಬಾರದು. ಆದರೆ ಉಳಿದ ಶ್ರವಣ ಎಷ್ಟಿದೆ, ಅದನ್ನು ಕಾಯಲು ಏನು ಮಾಡುತ್ತೀರಿ, ನಿಮ್ಮಲ್ಲಿ ನೂರಕ್ಕೆ ಎಷ್ಟು ಮಂದಿಗೆ ಉಳಿದಿದೆ ಎಂಬ ಮೂರು ಪ್ರಶ್ನೆಗಳನ್ನು ಆಪರೇಷನ್‌ಗೆ ಮುಂಚೆಯೇ ವೈದ್ಯರಿಗೆ ಕೇಳಿ, ಉತ್ತರವನ್ನು ಅಂಕಿಗಳಲ್ಲೇ ಪಡೆಯಬೇಕು.