ಗೇಟಿಗೆ ಕೈ ಹಾಕುವವರು ಯಾರು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಹೋಗಿ ವಿಟಿಯುದ 2018ರ ಸ್ಕೀಮಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಆರ್ಮ್ ಕಾರ್ಟೆಕ್ಸ್-ಎಂ3 ಹೊಸದಲ್ಲ. ಎಲ್‌ಇಡಿ ಮಿನುಗಿಸಿ, ಮೋಟರ್ ತಿರುಗಿಸಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡರೆ ಲ್ಯಾಬ್ ಮುಗಿಯಿತು. ಆ ಪ್ರೊಸೆಸರಿನ ಒಂದು ಬಿಟ್ ಮಾತ್ರ ಪರೀಕ್ಷೆಯ ಪ್ರಶ್ನೆಯಾಗಿಯೇ ಉಳಿದುಬಿಡುತ್ತದೆ.

ಕಂಟ್ರೋಲ್ ರಿಜಿಸ್ಟರಿನ ಮೊದಲ ಬಿಟ್ ಅದು. ಸೊನ್ನೆಯಿದ್ದರೆ ಪ್ರೋಗ್ರಾಮಿಗೆ ಎಲ್ಲ ಅಧಿಕಾರ. ಒಂದಾದರೆ ಅದು ಬರೀ ಯೂಸರ್. ಇಂಟರಪ್ಟ್ ನಿಯಂತ್ರಿಸುವ ರಿಜಿಸ್ಟರುಗಳಿಗೆ ಬರೆಯಲು ಹೋದರೆ ಫಾಲ್ಟ್. ಅಧಿಕಾರ ಬಿಟ್ಟುಕೊಡಲು ಒಂದೇ ಇನ್‌ಸ್ಟ್ರಕ್ಷನ್ ಸಾಕು, ಹಿಂದಕ್ಕೆ ಪಡೆಯುವುದು ಅಷ್ಟು ಸಲೀಸಲ್ಲ. ಅದೇ ಬಿಟ್ಟಿಗೆ ಸೊನ್ನೆ ಬರೆದರೆ ಪ್ರೊಸೆಸರ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಎಸ್‌ವಿಸಿ ಎಂಬ ಇನ್‌ಸ್ಟ್ರಕ್ಷನ್ ಮೂಲಕ ಮೊರೆಯಿಡಬೇಕು. ಆಗಲೂ ಪ್ರೊಸೆಸರ್ ಜಿಗಿಯುವುದು ಮೊದಲೇ ಗೊತ್ತುಮಾಡಿಟ್ಟ ವಿಳಾಸಕ್ಕೆ, ಮೊರೆಯಿಟ್ಟ ಪ್ರೋಗ್ರಾಂ ಬಯಸಿದಲ್ಲಿಗಲ್ಲ. ಇಡೀ ಏರ್ಪಾಡಿನ ಜಾಣತನ ಇಲ್ಲಿದೆ.

ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಆಣೆಕಟ್ಟನ್ನೇ ನೋಡಿ. ಕಾಲುವೆಗೆ ನೀರು ಬೇಕಾದ ರೈತ ನೀರಾವರಿ ಕಚೇರಿಗೆ ಅರ್ಜಿ ಕೊಡುತ್ತಾನೆ, ತಾನೇ ಹೋಗಿ ಗೇಟು ಎತ್ತುವುದಿಲ್ಲ. ಕಂಡಕಂಡವರು ಎತ್ತುವಂತಿದ್ದರೆ ಕೆಳಗಿನ ರಾಮದುರ್ಗದ ಗತಿಯೇನು? 2019ರ ಮಲಪ್ರಭೆಯ ನೆರೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

1978ರ ಇಂಟೆಲ್ 8086ರಲ್ಲಿ ಇಂಥ ಕಾವಲೇ ಇರಲಿಲ್ಲ. ಡಾಸ್ ಕಾಲದಲ್ಲಿ ಒಂದು ಗೇಮ್ ಕೆಟ್ಟರೆ ಇಡೀ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದ್ದುದು ಅದಕ್ಕೇ. ಮರುವರ್ಷ ಬಂದ ಮೊಟೊರೊಲಾ 68000 ಯೂಸರ್, ಸೂಪರ್‌ವೈಸರ್ ಎಂದು ಎರಡು ಮೋಡ್ ಇಟ್ಟಿತು. ಆದರೂ ಒಂದು ಸಂದು ಉಳಿದಿತ್ತು: ಯೂಸರ್ ಪ್ರೋಗ್ರಾಂ ಸ್ಟೇಟಸ್ ರಿಜಿಸ್ಟರನ್ನು ತಿದ್ದಲಾಗದಿದ್ದರೂ ಓದಬಹುದಿತ್ತು. ಓದಿದರೇನಂತೆ ಅನ್ನಬೇಡಿ, ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಇನ್ನೊಂದರ ಕೈಕೆಳಗೆ ಓಡಿಸಹೊರಟರೆ, ತಾನು ಸೂಪರ್‌ವೈಸರ್ ಅಲ್ಲವೆಂಬುದು ಅದಕ್ಕೆ ಗೊತ್ತಾಗಿಬಿಡುತ್ತಿತ್ತು. 68010ರಲ್ಲಿ ಆ ಸಂದನ್ನೂ ಮುಚ್ಚಿದರು.

2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಎಂಬ ಸಂದು ಇನ್ನೂ ಘಾಟಿ. ವೇಗದ ಆಸೆಗೆ ಬಿದ್ದ ಪ್ರೊಸೆಸರುಗಳು ಅನುಮತಿ ಇದೆಯೋ ಇಲ್ಲವೋ ತೀರ್ಮಾನವಾಗುವ ಮೊದಲೇ ಕರ್ನಲ್‌ನ ಮೆಮೊರಿ ಓದಿ ಮುಂದಿನ ಕೆಲಸಕ್ಕೆ ಇಳಿಯುತ್ತಿದ್ದವು. ಆಮೇಲೆ ತಪ್ಪೆಂದು ಎಲ್ಲ ರದ್ದು ಮಾಡಿದರೂ ಕ್ಯಾಶ್‌ನಲ್ಲಿ ಗುರುತು ಉಳಿಯುತ್ತಿತ್ತು. ಯಾವ ವಿಳಾಸ ಬೇಗ ಸಿಗುತ್ತದೆ ಎಂದು ಕಾಲ ಅಳೆದೇ ಗುಟ್ಟು ಹೊರತೆಗೆಯಬಹುದಿತ್ತು. ಲಿನಕ್ಸ್, ವಿಂಡೋಸ್‌ಗಳು ಕರ್ನಲ್‌ನ ಪೇಜ್ ಟೇಬಲ್ಲನ್ನೇ ಬೇರೆ ಮಾಡಬೇಕಾಯಿತು; ಅದಕ್ಕೆ ತೆತ್ತ ಬೆಲೆ ವೇಗ.

ಇಂಥ ಕಾವಲನ್ನು ಒಳಹೊಕ್ಕು ನೋಡುವ ದಾರಿಯೂ ಇದೆ. ಐಐಟಿ ಮದ್ರಾಸ್‌ನ ‘ಶಕ್ತಿ’ ಪ್ರೊಸೆಸರುಗಳು ರಿಸ್ಕ್-ಫೈವ್ ಎಂಬ ಇನ್‌ಸ್ಟ್ರಕ್ಷನ್ ಸೆಟ್ ಆಧರಿಸಿದವು. ಅಲ್ಲಿ ಯೂಸರ್, ಸೂಪರ್‌ವೈಸರ್‌ಗಳ ಮೇಲೆ ಮಷೀನ್ ಎಂಬ ಇನ್ನೊಂದು ಮೋಡ್ ಇದೆ. ವಿನ್ಯಾಸ ಮುಕ್ತವಾದ್ದರಿಂದ ಅನುಮತಿಯ ತಪಾಸಣೆ ಯಾವ ಸಾಲಿನಲ್ಲಿ ನಡೆಯುತ್ತದೆ ಎಂಬುದನ್ನು ಕಿತ್ತೂರಿನಲ್ಲಿ ಕೂತೇ ಓದಬಹುದು.